ಅರೇಹಳ್ಳಿಯ ತಂಪು, ಹಸ್ಕಿಯ ಓಟ

ಸೈಬೀರಿಯನ್ ಹಸ್ಕಿ ಸಾಕುವ ಮಾತು ಬಂದರೆ ಬೆಂಗಳೂರಿನಲ್ಲಿ ಮೊದಲು ಏಳುವ ಆಕ್ಷೇಪ ಸೆಕೆಯದು. ಮಲೆನಾಡಿನ ಅಂಚಿಗೆ ಬಂದರೆ ಆ ಆಕ್ಷೇಪ ಅರ್ಧಕ್ಕೇ ನಿಂತುಬಿಡುತ್ತದೆ. ಬೇಲೂರು ತಾಲ್ಲೂಕಿನ ಪಶ್ಚಿಮಕ್ಕಿರುವ ಅರೇಹಳ್ಳಿಯ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಮೆಣಸಿನ ಬಳ್ಳಿ, ಡಿಸೆಂಬರ್ ಬೆಳಗಿನ ಮಂಜು. ಇಷ್ಟು ತಂಪಿರುವ ಕಡೆ, ಎಕರೆಗಟ್ಟಲೆ ಜಾಗವೂ ಇರುವಾಗ, ಒಂದೇ ಏಕೆ, ನಾಲ್ಕು ಹಸ್ಕಿಗಳನ್ನು ಒಟ್ಟಿಗೆ ಸಾಕಿದರೇನು ಎಂಬ ಪ್ರಶ್ನೆ ಯಾರಿಗಾದರೂ ಬರಬಹುದು. ಪ್ರಶ್ನೆಯಲ್ಲಿ ತಪ್ಪಿಲ್ಲ, ಅದು ಹಿಡಿದ ಅಳತೆ ತಪ್ಪು. ಹಸ್ಕಿಗೆ ಒಂದು ಊರು ಹೊಂದುತ್ತದೆಯೇ ಎಂಬುದನ್ನು ಥರ್ಮಾಮೀಟರ್ ಒಂದೇ ಹೇಳಲಾರದು. ಆ ಊರಿನಲ್ಲಿ ನಾಯಿ ದಿನವೂ ಯಾವ ಹೊತ್ತಿಗೆ, ಎಲ್ಲಿ, ಯಾರ ಜೊತೆ ಓಡಬಲ್ಲದು ಎಂದು ಕೇಳಬೇಕು. ಹಾಗೆ ಕೇಳುತ್ತ ಹೋದರೆ ಅರೇಹಳ್ಳಿ ಹಸ್ಕಿಗೆ ಸುಲಭದ ಊರಲ್ಲ ಎಂಬುದು ತಿಳಿಯುತ್ತದೆ. ಯಾವ ಷರತ್ತಿನ ಮೇಲೆ ಅದು ಒಳ್ಳೆಯ ಊರಾದೀತು ಎಂಬುದೂ ತಿಳಿಯುತ್ತದೆ.

ಈ ತಳಿ ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬೆಳೆಯಿತು ಎಂಬುದರಿಂದಲೇ ಶುರುಮಾಡಬೇಕು. ಏಷ್ಯಾದ ಈಶಾನ್ಯ ತುದಿಯಲ್ಲಿ ಬದುಕುವ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯಲು ಬೆಳೆಸಿದ ನಾಯಿ ಇದು. ಭಾರೀ ಹೊರೆ ಎಳೆಯುವುದು ಇದರ ಕಸುಬಲ್ಲ. ಹಗುರ ಹೊರೆಯನ್ನು ಮಧ್ಯಮ ವೇಗದಲ್ಲಿ, ಬಹುದೂರ, ಗುಂಪಾಗಿ ಎಳೆಯುವುದು ಇದರ ಕಸುಬು. 20ನೇ ಶತಮಾನದ ಮೊದಲ ದಶಕದ ಕೊನೆಗೆ ಈ ನಾಯಿಗಳನ್ನು ಅಲಾಸ್ಕಾದ ನೋಮ್ ಪಟ್ಟಣಕ್ಕೆ ತಂದಾಗ ಗಾತ್ರ ನೋಡಿ ನಕ್ಕವರಿದ್ದರು. 1910ರಲ್ಲಿ ಅಲ್ಲಿನ ಸುಮಾರು 650 ಕಿಲೋಮೀಟರಿನ ಪಂದ್ಯವನ್ನು ಇವೇ ಗೆದ್ದವು. 1925ರ ಚಳಿಗಾಲದಲ್ಲಿ ನೋಮ್‌ನ ಮಕ್ಕಳಿಗೆ ಗಂಟಲಮಾರಿ ಹಬ್ಬಿದಾಗ, 20 ಮಂದಿ ಸವಾರರು ಸುಮಾರು 150 ನಾಯಿಗಳ ತಂಡಗಳೊಂದಿಗೆ ಸರದಿಯಲ್ಲಿ 1,085 ಕಿಲೋಮೀಟರ್ ಓಡಿ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು. ಕೊನೆಯ ಹಂತದ ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆಯಾಯಿತು. ಎಲ್ಲಕ್ಕಿಂತ ಉದ್ದದ, ಅಪಾಯದ ದಾರಿ ಓಡಿದ್ದು ಲಿಯೊನಾರ್ಡ್ ಸೆಪ್ಪಾಲನ ತಂಡ. ಅದರ ಮುಂದಾಳು ನಾಯಿ ಟೋಗೊಗೆ ಆಗ 12ರ ಆಸುಪಾಸಿನ ವಯಸ್ಸು. ಅಮೆರಿಕದ ಕೆನಲ್ ಕ್ಲಬ್ ಈ ತಳಿಯನ್ನು 1930ರಲ್ಲಿ ಮಾನ್ಯ ಮಾಡಿತು. ಗಂಡು 20ರಿಂದ 27 ಕಿಲೊ, ಹೆಣ್ಣು 16ರಿಂದ 23 ಕಿಲೊ ತೂಗುತ್ತದೆ. ನಮ್ಮ ಊರನಾಯಿಗಿಂತ ಬಹಳ ದೊಡ್ಡದೇನಲ್ಲ. ಇದರ ಸ್ವಭಾವವೆಲ್ಲ ಆ ಕಸುಬಿನಿಂದಲೇ ಬಂದದ್ದು. ಜೊತೆ ಬೇಕು, ಒಂಟಿತನ ಆಗದು. ಓಡಬೇಕು, ಓಟ ಸಿಗದಿದ್ದರೆ ಸೋಫಾ, ಬಾಗಿಲು, ಹೂವಿನ ಪಾತಿ ಯಾವುದೂ ಉಳಿಯದು. ಬೊಗಳುವುದಕ್ಕಿಂತ ಊಳಿಡುವುದೇ ಹೆಚ್ಚು. ಅಪರಿಚಿತರ ಮೇಲೆ ಹಗೆಯಿಲ್ಲ. ಆದ್ದರಿಂದ ತೋಟದ ಕಾವಲಿಗೆ ಹಸ್ಕಿ ತರುತ್ತೇನೆ ಎನ್ನುವವರ ಆಸೆ ಇಲ್ಲಿಗೇ ಮುಗಿಯಿತು: ಕಣದಲ್ಲಿ ಒಣಗಲು ಹರವಿದ ಕಾಫಿ ಕದಿಯಲು ಬಂದವನನ್ನೂ ಅದು ಬಾಲ ಆಡಿಸಿ ಬರಮಾಡಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಆ ಕೆಲಸಕ್ಕೆ ಮಲೆನಾಡಿನ ನಾಟಿ ನಾಯಿಯೇ ಸರಿ.

ಇನ್ನು ಹವೆಯ ವಿಚಾರ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯ ಅಲ್ಪಸ್ವಲ್ಪ ಬೆವರು ಬಿಟ್ಟರೆ, ನಾಲಗೆ ಚಾಚಿ ಏದುವುದೇ ಅದಕ್ಕಿರುವ ಮುಖ್ಯ ದಾರಿ. ಬಾಯಿ ಮತ್ತು ಉಸಿರುನಾಳದ ತೇವ ಆವಿಯಾಗುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿ ಹೋಗುವುದೆಲ್ಲಿಗೆ? ಮಲೆನಾಡಿನ ಹಸ್ಕಿಯ ಕಷ್ಟ ಇಲ್ಲಿದೆ. ಹಾಸನ ಜಿಲ್ಲೆಯ ಎರಡು ತುದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ತೆಂಗಿನ ಸೀಮೆಯಾದ ಅರಸೀಕೆರೆಯ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು ಹಸ್ಕಿಗೆ ನೇರ ಶತ್ರು, ಆದರೆ ಗಾಳಿ ಒಣ, ನಸುಕಿನ ಹೊತ್ತು ಹಗುರ. ಹಳೇಬೀಡು, ಬೇಲೂರು ದಾಟಿ ಅರೇಹಳ್ಳಿಯ ಕಡೆ ಏರಿದರೆ ಬಿಸಿಲು ಕಡಿಮೆಯಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೆನೆದ ಬಟ್ಟೆಯಾಗುತ್ತದೆ. ಸುಮ್ಮನೆ ಮಲಗಿರುವ ನಾಯಿಗೆ 22 ಡಿಗ್ರಿ ಹಿತವೇ. ಅದೇ ನಾಯಿ ಅದೇ ತೇವದಲ್ಲಿ ಅರ್ಧ ಗಂಟೆ ಜೋರಾಗಿ ಓಡಿದರೆ ಒಳಗೆ ಹುಟ್ಟಿದ ಬಿಸಿ ಹೊರಗೆ ಹೋಗದು. ಯೂರೋಪಿನಲ್ಲಿ ಹಿಮವಿಲ್ಲದ ಕಾಲದಲ್ಲಿ ನಾಯಿಗಳನ್ನು ಚಕ್ರದ ಬಂಡಿಗೆ ಕಟ್ಟಿ ಓಡಿಸುವವರು ಇದೇ ಕಾರಣಕ್ಕೆ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ನೋಡುತ್ತಾರೆ; 15 ಡಿಗ್ರಿ ಮೀರಿದರೆ ಓಟ ಮೊಟಕು ಮಾಡುವುದು ಅವರಲ್ಲಿ ಸಾಮಾನ್ಯ ರೂಢಿ. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿಯ ಆಸುಪಾಸು. ಅದು 41 ದಾಟಿದರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳತೊಡಗುತ್ತದೆ. ಆಗ ಮೊದಲು ತಣ್ಣೀರು ಸುರಿದು ಗಾಳಿ ಬೀಸಬೇಕು, ಆಮೇಲೆ ಡಾಕ್ಟರ ಬಳಿಗೆ ಹೊರಡಬೇಕು. ಈ ಅನುಕ್ರಮ ತಪ್ಪಿದರೆ ದಾರಿಯಲ್ಲೇ ಪ್ರಾಣ ಹೋಗಬಹುದು.

ಹಾಗಾದರೆ ಕೂದಲು ಬೋಳಿಸಿಬಿಡೋಣ ಎಂಬ ಉಪಾಯ ಹಲವರಿಗೆ ಹೊಳೆಯುತ್ತದೆ. ಹಸ್ಕಿಯ ಮೈಮೇಲೆ ಎರಡು ಪದರ ಕೂದಲಿದೆ: ಹೊರಗೆ ನೀಳ ಒರಟು ಕೂದಲು, ಒಳಗೆ ದಟ್ಟವಾದ ಮೃದು ತುಪ್ಪಳ. ವರ್ಷಕ್ಕೆ ಎರಡು ಸಲ ಈ ತುಪ್ಪಳ ಕಂತೆಕಂತೆಯಾಗಿ ಉದುರುತ್ತದೆ. ಹೊರಪದರ ಬಿಸಿಲನ್ನೂ ತಡೆಯುತ್ತದೆ. ಅದನ್ನು ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಸಿಗುತ್ತದೆ, ಕೀಟಗಳಿಗೂ ಸಿಗುತ್ತದೆ, ಮತ್ತೆ ಬೆಳೆಯುವ ಕೂದಲು ಹಳೆಯ ಹದಕ್ಕೆ ಬರುವುದೆಂಬ ಭರವಸೆಯಿಲ್ಲ. ಮಾಡಬೇಕಾದ ಕೆಲಸ ಬಾಚುವುದು: ಉದುರುವ ಕಾಲದಲ್ಲಿ ದಿನವೂ, ಉಳಿದಂತೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ನಾಯಿಗೂ. ಮಳೆಗಾಲದಲ್ಲಿ ಇದಕ್ಕೆ ಒಣಗಿಸುವ ಕೆಲಸ ಸೇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಬುಡದ ತುಪ್ಪಳ ಗಂಟೆಗಟ್ಟಲೆ ಒದ್ದೆಯಿರುತ್ತದೆ. ಅಲ್ಲಿ ಚರ್ಮ ಕೆಂಪಾಗಿ, ಕೀವಾಗಿ, ಒಂದೇ ರಾತ್ರಿಯಲ್ಲಿ ಅಂಗೈಯಗಲದ ಹುಣ್ಣಾಗುವುದುಂಟು. ಕಿವಿಯಲ್ಲಿ ಬೂಷ್ಟು ಕೂರುತ್ತದೆ. ಗಾಳಿ ಊದುವ ಡ್ರೈಯರ್ ಇದ್ದರೂ ಗಾಳಿಮಳೆಗೆ ಕರೆಂಟು ಹೋದಾಗ ಅದು ಮೂಲೆಯ ವಸ್ತು. ನಾಲ್ಕು ನಾಯಿಗಳನ್ನು ಸಂಜೆ ಬಟ್ಟೆಯಲ್ಲಿ ಒರೆಸಿ, ಬಾಚಿ, ಬುಡದವರೆಗೂ ಒಣಗಿಸುವುದು ಒಬ್ಬರ ಸಂಜೆಯನ್ನೆಲ್ಲ ತೆಗೆದುಕೊಳ್ಳುತ್ತದೆ. ಜೊತೆಗೆ ಬೆರಳುಸಂದಿಯ ಇಂಬಳ, ಕಿವಿಯ ಮಡಿಕೆಯ ಉಣುಗು. ಉಣುಗಿನ ಮೂಲಕ ಬರುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳು ದಕ್ಷಿಣ ಭಾರತದ ನಾಯಿಗಳಿಗೆ ಹೊಸದಲ್ಲ. ದಟ್ಟ ತುಪ್ಪಳದೊಳಗೆ ಉಣುಗು ಕಣ್ಣಿಗೆ ಬೀಳುವ ಹೊತ್ತಿಗೆ ಜ್ವರ ಹತ್ತಿರುತ್ತದೆ. ಮಳೆನೀರಿನಲ್ಲಿ ಬೆರೆತ ಇಲಿಮೂತ್ರದಿಂದ ಬರುವ ಇಲಿಜ್ವರಕ್ಕೆ ಲಸಿಕೆಯಿದೆ, ಅದನ್ನು ರೇಬೀಸ್ ಲಸಿಕೆಯ ಜೊತೆಗೇ ವರ್ಷ ತಪ್ಪದೆ ಹಾಕಿಸಬೇಕು.

ಮಳೆಗಾಲ ಕಳೆದರೆ ಎಲ್ಲ ಸರಿಹೋಗುತ್ತದಲ್ಲ, ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಒಣ, ಬೆಳಗು ತಂಪು ಎನ್ನಬಹುದು. ನಿಜ, ಹವೆಯ ಮಟ್ಟಿಗೆ ಅದು ಒಳ್ಳೆಯ ಕಾಲ. ಆದರೆ ಹಸ್ಕಿಯನ್ನು ಓಡಿಸಬಹುದಾದ ತಂಪು ಹೊತ್ತು ಯಾವುದು? ಬೆಳಗಿನ ಜಾವ, ಇಲ್ಲವೇ ಕತ್ತಲಾದ ಮೇಲೆ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಆ ಎರಡೂ ಹೊತ್ತು ಕಾಡಾನೆಗಳವು. ಹಗಲು ತೋಟದ ಮರೆಯಲ್ಲಿ ನಿಂತ ಹಿಂಡು ಸಂಜೆ ಗದ್ದೆಗೆ ಇಳಿದು, ಬೆಳಕು ಹರಿಯುವಾಗ ರಸ್ತೆ ದಾಟಿ ಹಿಂದಿರುಗುತ್ತದೆ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಬೇಕಾದದ್ದೇ ಈ ಕಾರಣಕ್ಕೆ. 2023ರ ಡಿಸೆಂಬರ್‌ನಲ್ಲಿ ದಸರಾ ಆನೆ ಅರ್ಜುನ ಪ್ರಾಣಬಿಟ್ಟದ್ದು ಪಕ್ಕದ ಸಕಲೇಶಪುರದ ಯಸಳೂರು ವಲಯದಲ್ಲಿ, ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲೇ. ಬಿಟ್ಟ ನಾಯಿ ಆನೆಯನ್ನು ಕಂಡರೆ ಕೆಣಕುತ್ತದೆ. ಆನೆ ತಿರುಗಿ ಬಿದ್ದಾಗ ಬೆದರಿ ಓಡಿ ಬರುವುದು ಒಡೆಯನ ಬಳಿಗೇ. ಹಗ್ಗ ಹಿಡಿದು ನಾಲ್ಕು ಹಸ್ಕಿಗಳೊಂದಿಗೆ ಹೊರಟವರ ಪಾಡೂ ಬೇರೆಯಲ್ಲ: ಎಳೆಯಲೆಂದೇ ಹುಟ್ಟಿದ ನಾಲ್ಕು ನಾಯಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಆನೆಯಿಂದ ಓಡಲಾಗದು. ಚಿರತೆಯ ಮಾತನ್ನು ಅರಸೀಕೆರೆಯ ಕಲ್ಲುಗುಡ್ಡದ ಹಳ್ಳಿಗಳವರಿಗೂ ಹೇಳಿಕೊಡಬೇಕಿಲ್ಲ. ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ಸುಲಭದ ಬೇಟೆ, ಕಟ್ಟಿದ ಹಸ್ಕಿ ಇನ್ನೂ ಸುಲಭ. ಬೇಲಿಯಂಚಿನಲ್ಲಿ ಹಂದಿಗೆಂದು ಕದ್ದು ಒಡ್ಡಿದ ಉರುಳು, ವಿದ್ಯುತ್ ಹರಿಸಿದ ತಂತಿ ಇವೂ ಇವೆ. ಹೀಗೆ ನೂರು ಎಕರೆ ತೋಟವಿದ್ದರೂ ಹಸ್ಕಿಗೆ ನಿಜವಾಗಿ ದಕ್ಕುವುದು ಬೇಲಿಯೊಳಗಿನ ಅರ್ಧ ಎಕರೆ. ತೋಟ ದೊಡ್ಡದಿದೆ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ಒಂದಿದ್ದರೆ ಬೇಸರ, ನಾಲ್ಕಿದ್ದರೆ ಅವುಗಳ ಪಾಡಿಗೆ ಅವು ಆಡಿಕೊಂಡಿರುತ್ತವೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಜೊತೆಯಿರುವ ಹಸ್ಕಿ ಒಂಟಿ ಹಸ್ಕಿಗಿಂತ ಖಂಡಿತ ನೆಮ್ಮದಿಯಾಗಿರುತ್ತದೆ. ಆದರೆ ಗುಂಪಿನಲ್ಲಿ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಬೆಳೆಯುತ್ತದೆ. ಹಸ್ಕಿಗೆ ಚಿಕ್ಕ ಪ್ರಾಣಿಯನ್ನು ಅಟ್ಟುವ ಹುಚ್ಚು ಬಲವಾಗಿದೆ. ಒಂದು ನಾಯಿ ಕೋಳಿಯನ್ನು ನೋಡುತ್ತ ನಿಂತಿದ್ದೀತು. ನಾಲ್ಕು ಸೇರಿದರೆ ಒಂದು ಹೊರಟೊಡನೆ ಮೂರೂ ಹೊರಡುತ್ತವೆ. ತೋಟದ ಲೈನ್ ಮನೆಗಳಲ್ಲಿ ಕೆಲಸದವರು ಸಾಕಿದ ಕೋಳಿ, ಮೇಕೆ ಅವರ ಕೈಯ ಕಾಸು. ಅದಕ್ಕೆ ಪರಿಹಾರ ಕೊಟ್ಟರಾಯಿತು ಎಂದುಕೊಳ್ಳುವುದು ಅನ್ಯಾಯ, ಏಕೆಂದರೆ ಸಂಬಳ ಕೊಡುವ ಧಣಿಯ ನಾಯಿಯ ಮೇಲೆ ದೂರು ಹೇಳಲು ಎಲ್ಲರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಬೇಲಿ ಆರಡಿಗೆ ಕಡಿಮೆಯಿರಬಾರದು, ಬುಡದಲ್ಲಿ ಒಂದೂವರೆ ಅಡಿಯಾದರೂ ಜಾಲರಿ ನೆಲದೊಳಗೆ ಹೋಗಿರಬೇಕು, ಏಕೆಂದರೆ ಹಸ್ಕಿ ಹಾರಲೂ ಬಲ್ಲದು, ತೋಡಲೂ ಬಲ್ಲದು. ತೋಡುವುದನ್ನು ಬೈದು ಬಿಡಿಸಲಾಗದು. ತಣ್ಣನೆಯ ಮಣ್ಣಿನಲ್ಲಿ ಹೊಟ್ಟೆಯಿಟ್ಟು ಮಲಗುವುದು ಸೆಕೆಗೆ ಅದು ಕಂಡುಕೊಂಡ ಮದ್ದು. ನೆರಳಿನಲ್ಲಿ ಒಂದು ಮೂಲೆ ಅದಕ್ಕೆಂದೇ ಬಿಟ್ಟುಕೊಡಬೇಕು.

ಗುಂಪನ್ನು ಹದದಲ್ಲಿಡಲು ಒಡೆಯ ತೋಳದ ನಾಯಕನಂತೆ ಹೆದರಿಸಿ ಆಳಬೇಕು ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಈ ಕಲ್ಪನೆಯನ್ನು ಜನಪ್ರಿಯ ಮಾಡಿದ್ದು ತೋಳಗಳ ಬಗ್ಗೆ 1970ರಲ್ಲಿ ಡೇವಿಡ್ ಮೆಕ್ ಬರೆದ ಪುಸ್ತಕ. ಕಾಡಿನ ತೋಳದ ಹಿಂಡು ಬಹುಪಾಲು ತಂದೆ, ತಾಯಿ, ಮಕ್ಕಳ ಒಂದು ಸಂಸಾರ, ಅಲ್ಲಿ ಪಟ್ಟಕ್ಕಾಗಿ ಕಾದಾಟ ಅಪರೂಪ ಎಂದು 1999ರಲ್ಲಿ ವಿವರಿಸಿದವರೂ ಅದೇ ವಿಜ್ಞಾನಿ. ಹಸ್ಕಿ ಗುಂಪಿಗೆ ಬೇಕಾದ ಶಿಸ್ತು ಬೇರೆ ಬಗೆಯದು: ಊಟ ಬೇರೆಬೇರೆ ತಟ್ಟೆಯಲ್ಲಿ, ಬೇರೆಬೇರೆ ಮೂಲೆಯಲ್ಲಿ, ಪ್ರತಿಯೊಂದಕ್ಕೂ ದಿನಕ್ಕೆ ಸ್ವಲ್ಪ ಹೊತ್ತು ಒಡೆಯನ ಜೊತೆ ಪ್ರತ್ಯೇಕವಾಗಿ, ಎಲ್ಲಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ. ಕೊನೆಯದರಲ್ಲಿ ರಾಜಿ ಸಲ್ಲದು. ಬೆದೆಗೆ ಬಂದ ಒಂದು ಹೆಣ್ಣಿಗಾಗಿ ಅಣ್ಣತಮ್ಮನಂತಿದ್ದ ಎರಡು ಗಂಡುಗಳು ರಕ್ತ ಹರಿಸಿಕೊಂಡಾವು, ಅದಾದ ಮೇಲೆ ಐದಾರು ಮರಿಗಳಿಗೆ ಮನೆ ಹುಡುಕುವ ಪಾಡು ಬೇರೆ.

ಆಹಾರದಲ್ಲಿ ಒಂದು ಎಚ್ಚರ ಹೆಚ್ಚಿನವರಿಗೆ ಗೊತ್ತಿಲ್ಲ. ಹಸ್ಕಿ ತನ್ನ ಗಾತ್ರಕ್ಕೆ ಹೋಲಿಸಿದರೆ ಮಿತವಾಗಿ ತಿನ್ನುವ ನಾಯಿ, ಆದರೆ ಈ ತಳಿಯ ಕೆಲವು ನಾಯಿಗಳ ಕರುಳು ಆಹಾರದ ಸತುವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಕಣ್ಣು, ಬಾಯಿ, ಪಾದದ ಸುತ್ತ ಕೂದಲುದುರಿ ಹಕ್ಕಳೆ ಕಟ್ಟುತ್ತದೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬರೀ ಅನ್ನ, ಬರೀ ರಾಗಿಯ ಊಟ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಮಾಂಸ, ಮೊಟ್ಟೆ ಮುಖ್ಯವಾಗಿರಬೇಕು. ಸತುವಿನ ಮಾತ್ರೆ ಡಾಕ್ಟರು ಹೇಳಿದರೆ ಮಾತ್ರ. ಇನ್ನು ಕಾಫಿ ಸೀಮೆಯ ವಿಶೇಷ ಅಪಾಯಗಳು ಎರಡು. ಕೆಫೀನ್ ನಾಯಿಗೆ ವಿಷ, ಆದ್ದರಿಂದ ಕುಯ್ಲಿನ ಕಾಲದಲ್ಲಿ ಕಣದ ಹತ್ತಿರ ಬಿಡಬಾರದು. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಉಂಡೆ ಅದಕ್ಕಿಂತ ಘೋರ, ನಾಯಿಗಳು ಅದನ್ನು ಇಷ್ಟಪಟ್ಟು ತಿನ್ನುತ್ತವೆ.

ಇಷ್ಟೆಲ್ಲ ಹೇಳಿದರೆ ಇದು ವಿದೇಶಿ ತಳಿಯ ಮೇಲಿನ ತಕರಾರು ಎಂದು ತೋರಬಹುದು. ಹಾಗಲ್ಲ. ಕನ್ನಡ ನಾಡಿನಲ್ಲಿ ನಾಯಿಯ ಮೇಲಿನ ಪ್ರೀತಿಗೆ ಸಾವಿರ ವರ್ಷ ದಾಟಿದೆ. ಕ್ರಿ.ಶ. 949-50ರ ಆತಕೂರು ವೀರಗಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ಮಣಲೇರ ಎಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಕಾದಿ ಸತ್ತ ಅದರ ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿ ದತ್ತಿ ಬಿಟ್ಟರು. ಕಾಳಿಗೆ ಈ ನೆಲದಲ್ಲಿ ತನ್ನ ಕಸುಬಿತ್ತು. ಬಾಗಲಕೋಟೆಯ ಬಯಲಿನ ಮುಧೋಳ ನಾಯಿಗೂ ಇದೆ. ಆ ಮುಧೋಳವನ್ನು ತಂದು ಅರೇಹಳ್ಳಿಯ ಮಳೆಯಲ್ಲಿ ಕಟ್ಟಿಹಾಕಿದರೂ ನನ್ನ ಆಕ್ಷೇಪ ಇದೇ ಆಗಿರುತ್ತದೆ. ಇಲ್ಲೇ ಹುಟ್ಟಿದ ಹಸ್ಕಿ ಮರಿ ಇಲ್ಲಿನ ಹವೆಗೆ ಒಗ್ಗಿಕೊಂಡಿರುತ್ತದೆ ಎಂಬ ಇನ್ನೊಂದು ವಾದವನ್ನು ಮಾರುವವರು ಮುಂದಿಡುತ್ತಾರೆ. ಕೆಲವು ವಾರಗಳಲ್ಲಿ ಒಂದು ನಾಯಿಯ ಮೈ ಅಲ್ಪಸ್ವಲ್ಪ ಒಗ್ಗುತ್ತದೆ, ನಿಜ. ಸಾವಿರಾರು ವರ್ಷ ಹಿಮದಲ್ಲಿ ಆಯ್ದು ಬೆಳೆಸಿದ ತುಪ್ಪಳ, ಓಟದ ಹಸಿವು ಒಂದೆರಡು ತಲೆಮಾರಿನಲ್ಲಿ ಕರಗುವುದಿಲ್ಲ.

ಮರಿಗಳು ಬರುವ ದಾರಿಯೂ ಯೋಚಿಸಬೇಕಾದದ್ದು. ವ್ಯಾಪಾರಕ್ಕಾಗಿ ತಳಿ ಬೆಳೆಸಲು ವಿದೇಶದಿಂದ ನಾಯಿ ತರುವುದನ್ನು ಕೇಂದ್ರ ಸರ್ಕಾರ 2016ರಲ್ಲಿ ನಿರ್ಬಂಧಿಸಿತು. ಇಲ್ಲಿರುವ ನಾಯಿಗಳಿಂದಲೇ ಮರಿ ಮಾಡಿಸುವಾಗ ಹತ್ತಿರದ ರಕ್ತ ಕೂಡುವ ಅಪಾಯ ಹೆಚ್ಚು, ಈ ತಳಿಗೆ ಮೊದಲೇ ವಂಶದಿಂದ ಬರುವ ಕಣ್ಣಿನ ಪೊರೆಯ ಕಾಟವಿದೆ. 2017ರ ನಿಯಮಗಳ ಪ್ರಕಾರ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು. ನೋಂದಣಿ ಪತ್ರ ತೋರಿಸಿ ಎಂದು ಕೊಳ್ಳುವವರೆಲ್ಲ ಕೇಳಿದ್ದರೆ ಈ ವ್ಯಾಪಾರದ ಚಹರೆಯೇ ಬೇರೆಯಿರುತ್ತಿತ್ತು. ಕ್ರೂರ ತಳಿಗಾರನಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಒಂದು ಹಿಮ ನೋಡಲು ಹೊರಡುವ ‘777 ಚಾರ್ಲಿ’ 2022ರಲ್ಲಿ ತೆರೆಗೆ ಬಂದಾಗ ಚಿತ್ರಮಂದಿರಗಳಲ್ಲಿ ಜನ ಅತ್ತರು. ಆ ಕಣ್ಣೀರು ಪ್ರಾಮಾಣಿಕವಾದದ್ದೇ. ಆದರೆ ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ಕ್ಯೂಪಾ ಸಂಸ್ಥೆ ಮಾಲೀಕರು ಕೈಬಿಟ್ಟ ಜಾತಿನಾಯಿಗಳಿಗೆಂದೇ ದತ್ತು ಕೇಂದ್ರವೊಂದನ್ನು ನಡೆಸಬೇಕಾಗಿ ಬಂದಿದೆ. ಮುದ್ದಾದ ಮರಿ ಒಂದೂವರೆ ವರ್ಷದಲ್ಲಿ ಬಾಗಿಲು ಕೆರೆಯುವ, ಊಳಿಡುವ ನಾಯಿಯಾದಾಗ ಫ್ಲಾಟಿನ ನೆರೆಹೊರೆ ಸುಮ್ಮನಿರುವುದಿಲ್ಲ.

ಮಲೆನಾಡಿಗೆ ಒಂದು ಪಾತ್ರವಿದ್ದರೆ ಅದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಹೊಸ ಮರಿ ಕೊಂಡು ತರುವುದಕ್ಕೆ ಅರೇಹಳ್ಳಿಯ ತಂಪು ಕಾರಣವಾಗಬಾರದು. ಈಗಾಗಲೇ ಹುಟ್ಟಿ, ಸಾಕಿದವರು ಕೈಬಿಟ್ಟು, ಸೆಕೆಯ ಊರಿನಲ್ಲಿ ಗೂಡಿನೊಳಗೆ ಕೂತಿರುವ ವಯಸ್ಕ ಹಸ್ಕಿಗಳಿಗೆ ಇದೇ ತಂಪು ವರವಾದೀತು. ಎಳೆ ನಾಯಿಗಿಂತ ಆರೇಳು ವರ್ಷದ್ದಕ್ಕೆ ಓಟದ ಹಸಿವು ಕಡಿಮೆ. ಬೇಲಿಯೊಳಗಿನ ಅರ್ಧ ಎಕರೆ, ಜೊತೆಗೆ ಒಂದೋ ಎರಡೋ ನಾಯಿ, ಒಣ ಜಗಲಿ ಇದ್ದರೆ ಅದು ನೆಮ್ಮದಿಯಾಗಿ ಬಾಳಬಹುದು. ಸಂಖ್ಯೆ ಎರಡಕ್ಕೆ, ಹೆಚ್ಚೆಂದರೆ ಮೂರಕ್ಕೆ ನಿಲ್ಲಬೇಕು. ರಾತ್ರಿ ಮಲಗುವ ಗೂಡಿಗೆ ಚಿರತೆಯ ಕಾರಣಕ್ಕೆ ಮೇಲೂ ಗಟ್ಟಿ ಜಾಲರಿ, ಮಳೆಯ ಕಾರಣಕ್ಕೆ ನೆಲದಿಂದ ಒಂದಡಿ ಎತ್ತರದ ಹಲಗೆ ಬೇಕು. ಓಟಕ್ಕೆ ಬೆಳಕು ಪೂರ್ತಿ ಹರಿದ ಮೇಲಿನ ಮೊದಲ ಗಂಟೆ, ಅದೂ ಬೇಲಿಯೊಳಗೆ. ಮಳೆ ಹಿಡಿದ ವಾರಗಳಲ್ಲಿ ಓಟದ ಬದಲು ಮೂಸಿ ಹುಡುಕುವ ಆಟ, ಮೂಳೆ ಅಗಿಯುವುದು, ಮನೆಯೊಳಗೆ ಜನರ ಕಾಲಬುಡದಲ್ಲಿ ಇರುವುದು.

ಜನರು ಎಂದಾಗ ಯಾರು ಎಂಬುದೇ ಕೊನೆಯ, ಬಹುಶಃ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಎಷ್ಟೋ ತೋಟಗಳ ಧಣಿಗಳು ವಾರದ ಐದು ದಿನ ಬೆಂಗಳೂರಿನಲ್ಲೋ ಹಾಸನದಲ್ಲೋ ಇರುತ್ತಾರೆ, ತೋಟ ನೋಡಿಕೊಳ್ಳುವುದು ರೈಟರು. ಆಗ ಹಸ್ಕಿಗಳನ್ನು ಒರೆಸಿ, ಬಾಚಿ, ಉಣುಗು ತೆಗೆಯುವ ಕೆಲಸ ರೈಟರ ಮೇಲೋ ಲೈನಿನ ಹೆಣ್ಣುಮಗಳೊಬ್ಬಳ ಮೇಲೋ ಬೀಳುತ್ತದೆ, ಹೆಚ್ಚುವರಿ ಸಂಬಳವಿಲ್ಲದೆ. ಅಂಥ ಮನೆಗೆ ಹಸ್ಕಿ ಬರಬಾರದು. ಬಂದರೆ ಆ ಕೆಲಸಕ್ಕೆ ಪ್ರತ್ಯೇಕ ಕೂಲಿ, ನಾಯಿ ಕಚ್ಚಿದರೆ ಆಸ್ಪತ್ರೆಯ ಖರ್ಚು ಎರಡೂ ಮೊದಲೇ ಗೊತ್ತಾಗಿರಬೇಕು. ಹಸ್ಕಿ 12ರಿಂದ 14 ವರ್ಷ ಬದುಕುತ್ತದೆ. ಅಷ್ಟು ವರ್ಷ ನೋಡಿಕೊಳ್ಳುವವರ ಹೆಸರು, ಅವರಿಗೆ ಆಗದಿದ್ದರೆ ಇನ್ನೊಬ್ಬರ ಹೆಸರು ಮನೆಯಲ್ಲಿ ತೀರ್ಮಾನವಾಗಿರಬೇಕು. ಶಸ್ತ್ರಚಿಕಿತ್ಸೆ, ರಕ್ತಪರೀಕ್ಷೆಯಂಥ ದೊಡ್ಡ ಚಿಕಿತ್ಸೆಗೆ ಪಶುವೈದ್ಯಕೀಯ ಕಾಲೇಜಿರುವುದು ಹಾಸನದಲ್ಲಿ, ಬೇಲೂರಿನಿಂದಲೇ ಸುಮಾರು 40 ಕಿಲೋಮೀಟರ್. ಜುಲೈ ತಿಂಗಳ ನಡುರಾತ್ರಿ ನಾಯಿಗೆ ಫಿಟ್ಸ್ ಬಂದರೆ, ರಸ್ತೆಯಲ್ಲಿ ಆನೆಯಿದೆ ಎಂಬ ಸಂದೇಶ ಮೊಬೈಲಿನಲ್ಲಿರುವಾಗ, ಜೀಪು ಹೊರಡಿಸುವವರು ಯಾರು ಎಂಬುದು ನಾಯಿ ಮನೆಗೆ ಬರುವ ಮುಂಚೆಯೇ ನಿಶ್ಚಯವಾಗಬೇಕಾದ ವಿಷಯ.